ಸಂಚಕಾರ, ವೈನ್‌ಕೌಫ್ ಮತ್ತು ನೋಟಾರ್

ಉಲ್ಮ್ ಪಟ್ಟಣ ಡ್ಯಾನ್ಯೂಬ್ ನದಿಯ ಈಚೆ ದಡದಲ್ಲಿದೆ, ನೊಯ್-ಉಲ್ಮ್ ಆಚೆ ದಡದಲ್ಲಿ. ನಡುವೆ ಒಂದು ಸೇತುವೆ, ಕಾಲ್ನಡಿಗೆಯಲ್ಲಿ ಕೆಲವೇ ನಿಮಿಷ. ಆದರೆ ಉಲ್ಮ್ ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯದ್ದು, ನೊಯ್-ಉಲ್ಮ್ ಬವೇರಿಯದ್ದು. ನಾಲ್ಕು ಲಕ್ಷ ಯೂರೋ ಬೆಲೆಯ ಮನೆ ಕೊಂಡರೆ ಈಚೆ 20,000 ಯೂರೋ ತೆರಿಗೆ, ಆಚೆ 14,000! ಈ ತೆರಿಗೆಯ ಹೆಸರು ಗ್ರುಂಡ್‌ಎರ್ವೆರ್ಬ್‌ಸ್ಟೊಯರ್. ಹೆಸರು ಉಚ್ಚರಿಸುವಷ್ಟರಲ್ಲಿ ಅರ್ಧ ಹಣ ಖರ್ಚಾದಂತೆನಿಸುತ್ತದೆ. ನಮ್ಮ ಮುದ್ರಾಂಕ ಶುಲ್ಕದ ಜರ್ಮನ್ ದಾಯಾದಿ ಎನ್ನಿ.

ದಾಯಾದಿಯ ವಂಶಾವಳಿ ಹಳೆಯದು. ಮಧ್ಯಯುಗದ ಜರ್ಮನಿಯಲ್ಲಿ ಒಕ್ಕಲು ತನ್ನ ಹಿಡುವಳಿಯನ್ನು ಇನ್ನೊಬ್ಬನಿಗೆ ದಾಟಿಸಬೇಕಾದರೆ ಒಡೆಯನ ಒಪ್ಪಿಗೆ ಬೇಕು. ಆ ಒಪ್ಪಿಗೆಗೊಂದು ಕಾಣಿಕೆ. ಹಾಂಡ್‌ಲೋನ್ ಎಂದೋ, ಲ್ಯಾಟಿನ್ನಿನಲ್ಲಿ ಲೌಡೇಮಿಯುಮ್ ಎಂದೋ ಕರೆದರು. ವ್ಯಾಪಾರ ಕುದುರಿದ ಮೇಲೆ ಸಾಕ್ಷಿಗಳ ಜೊತೆ ಕೂತು ವೈನ್ ಕುಡಿಯುವ ‘ವೈನ್‌ಕೌಫ್’ ಪದ್ಧತಿಯೂ ಇತ್ತು. ನಮ್ಮಲ್ಲಿ ಮುಂಗಡ ಕೊಟ್ಟು ಮಾತು ಗಟ್ಟಿಮಾಡಿಕೊಳ್ಳುವುದಕ್ಕೆ ‘ಸಂಚಕಾರ’ ಎಂಬ ಹೆಸರಿತ್ತು. ಇಂದು ಆ ಪದ ‘ಪ್ರಾಣಕ್ಕೆ ಸಂಚಕಾರ’ ಎಂಬಲ್ಲಿ ಮಾತ್ರ ಉಳಿದಿರುವುದು ಮನೆ ಕೊಂಡವರಿಗೆ ಅಷ್ಟೇನೂ ವಿಚಿತ್ರವೆನಿಸದು. ನಮ್ಮ ಶಾಸನಗಳಲ್ಲಿ ಭೂಮಿಯನ್ನು ಧಾರೆಯೆರೆದು ಕೊಟ್ಟಂತೆ, ಅಲ್ಲಿ ಮಾರುವವನು ಮಣ್ಣಿನ ಹೆಂಟೆಯನ್ನೋ ಮರದ ರೆಂಬೆಯನ್ನೋ ಕೊಳ್ಳುವವನ ಕೈಗಿಡುತ್ತಿದ್ದ. ಹೆಂಟೆ ಹೋಯಿತು, ‘ಔಫ್ಲಾಸುಂಗ್’ ಎಂಬ ಹೆಸರಿನಲ್ಲಿ, ಇಬ್ಬರೂ ಒಟ್ಟಿಗೆ ಹೇಳಬೇಕಾದ ಮಾತು ಇಂದಿಗೂ ಕಾನೂನಿನಲ್ಲಿದೆ.

ಬರಹದ ದಾಖಲೆಯೂ ಹೊಸದಲ್ಲ. ಕಲೋನ್ ನಗರದಲ್ಲಿ 12ನೇ ಶತಮಾನದಿಂದಲೇ ಮನೆ-ನಿವೇಶನಗಳ ಕೈಬದಲಾವಣೆಯನ್ನು ಬರೆದು ಪೆಟ್ಟಿಗೆಯಲ್ಲಿ ಭದ್ರವಾಗಿಡುತ್ತಿದ್ದರು. ಪೆಟ್ಟಿಗೆಗೆ ‘ಶ್ರೈನ್’ ಎಂಬ ಹೆಸರಿದ್ದುದರಿಂದ ಅವು ಶ್ರೈನ್ ಪುಸ್ತಕಗಳಾದವು. 1900ರ ಜನವರಿ 1ರಂದು ಇಡೀ ದೇಶಕ್ಕೆ ಒಂದೇ ನಾಗರಿಕ ಸಂಹಿತೆ ಜಾರಿಗೆ ಬಂದಾಗ ಗ್ರುಂಡ್‌ಬುಖ್ ಎಂಬ ಭೂದಾಖಲೆಯ ಪುಸ್ತಕ ಎಲ್ಲೆಡೆ ಒಂದೇ ನಿಯಮಕ್ಕೆ ಬಂತು. ಅದರಲ್ಲಿ ಹೆಸರು ಏರುವವರೆಗೆ, ಪೂರ್ತಿ ಹಣ ಕೊಟ್ಟಿದ್ದರೂ ಮನೆ ನಿಮ್ಮದಲ್ಲ. ತೆರಿಗೆ ಕಟ್ಟಿ ಆ ಇಲಾಖೆಯಿಂದ ಅಭ್ಯಂತರವಿಲ್ಲವೆಂಬ ಪತ್ರ ಬಾರದೆ ಹೆಸರು ಏರುವುದೂ ಇಲ್ಲ. ನೋಟಾರ್ ಎದುರಲ್ಲಿ ಮಾಡದ ಕ್ರಯಪತ್ರಕ್ಕೆ ಬೆಲೆಯಿಲ್ಲ. ಅವರು ಕರಾರನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಲೇಬೇಕು; ಜರ್ಮನ್ ಬಾರದವರಿಗೆ ಅನುವಾದಿಸಿ ಹೇಳಬೇಕು. ಗದುಗಿನ ಭಾರತದ ವಾಚನಕ್ಕೆ ತಲೆದೂಗುತ್ತಿದ್ದ ಜನ ನಾವು. ಇಲ್ಲಿಯೂ ತಲೆದೂಗಬಹುದು, ಆದರೆ ರಾಗವಿಲ್ಲ!

ಈಗ ತೆರಿಗೆಯ ಕಥೆಗೆ ಬರೋಣ. ಹಾಂಡ್‌ಲೋನ್ ಮೊದಲಾದ ಊಳಿಗಮಾನ್ಯ ಕಾಣಿಕೆಗಳು 1848ರ ಕ್ರಾಂತಿಯ ಆಸುಪಾಸಿನಲ್ಲಿ ರದ್ದಾದವು. ಆದರೆ ಒಡೆಯ ಬಿಟ್ಟ ಜಾಗದಲ್ಲಿ ಸರ್ಕಾರ ಬಂದು ಕೂತಿತು. ಮೊದಲ ಮಹಾಯುದ್ಧದಲ್ಲಿ ಬೊಕ್ಕಸ ಬರಿದಾದ ಮೇಲೆ, 1919ರಲ್ಲಿ, ಇಡೀ ರಾಷ್ಟ್ರಕ್ಕೆ ಅನ್ವಯಿಸುವ ಗ್ರುಂಡ್‌ಎರ್ವೆರ್ಬ್‌ಸ್ಟೊಯರ್ ಕಾನೂನು ಹುಟ್ಟಿತು. ಮುಂದೆ ದರ ಶೇ. 7ಕ್ಕೆ ಏರಿತಾದರೂ ವಿನಾಯಿತಿಗಳು ಎಷ್ಟಿದ್ದವೆಂದರೆ, ಹೆಚ್ಚಿನ ಖರೀದಿಗಳಿಗೆ ತೆರಿಗೆಯೇ ಬೀಳುತ್ತಿರಲಿಲ್ಲ. 1983ರಲ್ಲಿ ಒಂದು ಒಪ್ಪಂದ ಮಾಡಿಕೊಂಡಂತಾಯಿತು: ವಿನಾಯಿತಿಗಳನ್ನು ಬಹುಪಾಲು ತೆಗೆಯುತ್ತೇವೆ, ದರವನ್ನು ಶೇ. 2ಕ್ಕೆ ಇಳಿಸುತ್ತೇವೆ, ಎಲ್ಲರೂ ಸ್ವಲ್ಪ ಸ್ವಲ್ಪ ಕೊಡಿ. ನ್ಯಾಯವಾಗಿಯೇ ಇತ್ತು. 1997ರಲ್ಲಿ ಅದು 3.5 ಆಯಿತು. 2006ರ ಸೆಪ್ಟೆಂಬರಿನಲ್ಲಿ ದರ ನಿಗದಿಪಡಿಸುವ ಅಧಿಕಾರ ರಾಜ್ಯಗಳ ಕೈಗೆ ಹೋಯಿತು. 2007ರ ಹೊಸ ವರ್ಷಕ್ಕೇ ಬರ್ಲಿನ್ 4.5ಕ್ಕೆ ಏರಿಸಿತು, ಮಿಕ್ಕವರು ಹಿಂಬಾಲಿಸಿದರು. ಏರಿಸಿದ ರಾಜ್ಯಕ್ಕೆ ಲಾಭವೂ ಉಂಟು. ರಾಜ್ಯಗಳ ನಡುವಿನ ಹಂಚಿಕೆಯ ಲೆಕ್ಕ ಸರಾಸರಿ ದರದ ಮೇಲೆ ನಡೆಯುವುದರಿಂದ ಹೆಚ್ಚುವರಿ ಹಣ ಬಹುಮಟ್ಟಿಗೆ ಅವರಲ್ಲೇ ಉಳಿಯುತ್ತದೆ. ನಾರ್ಡ್‌ರೈನ್-ವೆಸ್ಟ್‌ಫಾಲೆನ್ 2015ರಿಂದ 6.5 ವಸೂಲು ಮಾಡುತ್ತಿದೆ. ಹಳೆಯ ಏಳರ ಹತ್ತಿರಕ್ಕೆ ಬಂದೆವು, ಹಳೆಯ ವಿನಾಯಿತಿಗಳು ಮಾತ್ರ ಮರಳಲಿಲ್ಲ. ಗಂಡ-ಹೆಂಡಿರ ನಡುವೆ, ಹೆತ್ತವರು-ಮಕ್ಕಳ ನಡುವೆ ಕೈಬದಲಾದರೆ ಈಗಲೂ ತೆರಿಗೆಯಿಲ್ಲ. ಊರಲ್ಲಿ ಅಪ್ಪನ ಮನೆ ಇದ್ದವನಿಗೆ ಅನುಕೂಲವೇ; ಬೆಂಗಳೂರಿನಿಂದ ಬಂದವನಿಗೆ ಇಲ್ಲಿ ಅಪ್ಪನ ಮನೆ ಎಲ್ಲಿಂದ ಬರಬೇಕು?

2000ದ ‘ಗ್ರೀನ್ ಕಾರ್ಡ್’ ಯೋಜನೆಯಲ್ಲಿ ಬಂದ ಸಾಫ್ಟ್‌ವೇರ್ ಪೀಳಿಗೆಗೂ, ಅನಂತರ ಬಂದವರಿಗೂ ಈ ಲೆಕ್ಕ ಮುಖ್ಯ. ಫ್ರಾಂಕ್‌ಫರ್ಟಿನಲ್ಲಿ ಅದೇ ನಾಲ್ಕು ಲಕ್ಷದ ಫ್ಲ್ಯಾಟಿಗೆ ಶೇ. 6ರ ತೆರಿಗೆ 24,000. ನೋಟಾರ್ ಮತ್ತು ಗ್ರುಂಡ್‌ಬುಖ್ ಸೇರಿ ಶೇ. 2ರ ಒಳಗೆ, ದಲ್ಲಾಳಿಗೆ ಸಾಮಾನ್ಯವಾಗಿ 3.57. ಒಟ್ಟು 46,000ದ ಆಸುಪಾಸು. ಬ್ಯಾಂಕುಗಳು ಇದನ್ನು ಸಾಮಾನ್ಯವಾಗಿ ನಿಮ್ಮ ಕೈಯಿಂದಲೇ ಹಾಕಿ ಎನ್ನುತ್ತವೆ. ನಾಲ್ಕು ವರ್ಷಕ್ಕೆ ಮ್ಯೂನಿಕ್ಕಿನಲ್ಲಿ ಹೊಸ ಕೆಲಸ ಸಿಕ್ಕಿ ಮನೆ ಮಾರಿದರೆ ಅದರಲ್ಲಿ ಒಂದು ಸೆಂಟೂ ಮರಳದು. ಅಲ್ಲಿ ಮತ್ತೆ ಮೊದಲಿಂದ. ಜರ್ಮನರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಾಡಿಗೆ ಮನೆಯಲ್ಲಿರುವುದಕ್ಕೆ ಇದೊಂದೇ ಕಾರಣವಲ್ಲ, ಆದರೆ ಕಾರಣಗಳಲ್ಲಿ ಒಂದು ಎಂದು ನನ್ನ ಅನಿಸಿಕೆ.

ಊರಿನಲ್ಲೇನು ಅಗ್ಗವೇ ಎಂದು ಕೇಳುವವರಿಗೆ: ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೇ ಶೇ. 1ರಿಂದ 2ಕ್ಕೆ ಏರಿದೆ, ಮುದ್ರಾಂಕ ಶುಲ್ಕ ಬೇರೆ.

ಇಳಿಸಿದವರೂ ಇದ್ದಾರೆ: ಟ್ಯೂರಿಂಗೆನ್ 2024ರಲ್ಲಿ 6.5ರಿಂದ 5ಕ್ಕೆ ಬಂತು. ಮರುವರ್ಷವೇ ಬ್ರೆಮೆನ್ 5ರಿಂದ 5.5ಕ್ಕೆ ಏರಿಸಿತು.