ಹಿಮಾಲಯದ ಸೆಳೆತ ಮತ್ತು ಐದು ಸೆಕೆಂಡು

ಗೋಡೆ ನೆಟ್ಟಗಿದೆಯೇ ಎಂದು ನೋಡಲು ಗಾರೆಯವರು ದಾರಕ್ಕೆ ಕಟ್ಟಿ ಇಳಿಬಿಡುವ ತೂಕದ ಗುಂಡನ್ನು ನಾವೆಲ್ಲ ಕಂಡಿದ್ದೇವೆ. ಅದು ನೇರ ಕೆಳಕ್ಕೇ ನಿಲ್ಲುತ್ತದೆಂದು ನಂಬಿದ್ದೇವೆ. ಆದರೆ 1687ರಲ್ಲಿ ನ್ಯೂಟನ್ ಪ್ರಕಟಿಸಿದ ನಿಯಮದಂತೆ ಯಾವ ಎರಡು ವಸ್ತುಗಳೂ ಪರಸ್ಪರ ಸೆಳೆಯುತ್ತವೆ. ದ್ರವ್ಯರಾಶಿ ಹೆಚ್ಚಿದಷ್ಟೂ ಸೆಳೆತ ಹೆಚ್ಚುತ್ತದೆ. ದೂರ ಇಮ್ಮಡಿಯಾದರೆ ಅದು ಕಾಲುಭಾಗಕ್ಕೆ ಇಳಿಯುತ್ತದೆ. ಹಾಗಿದ್ದ ಮೇಲೆ ಪಕ್ಕದ ಬೆಟ್ಟವೂ ಗುಂಡನ್ನು ತನ್ನತ್ತ ಎಳೆಯಲೇಬೇಕು. 1774ರಲ್ಲಿ ಮ್ಯಾಸ್ಕಲಿನ್ ಸ್ಕಾಟ್ಲೆಂಡಿನ ಶಿಹಾಲಿಯನ್ ಬೆಟ್ಟದಲ್ಲಿ ಈ ವಾಲುವಿಕೆಯನ್ನು ಅಳೆದು ತೋರಿಸಿದರು.

ಒಂದು ಬೆಟ್ಟದ ಮಾತು ಹೀಗಾದರೆ ಹಿಮಾಲಯದ ಮಾತೇನು? ಭಾರತದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಯಲ್ಲಿ ಈ ಪ್ರಶ್ನೆ ಎದುರಾಯಿತು. ಜಾರ್ಜ್ ಎವರೆಸ್ಟರ ಕಾಲದಲ್ಲಿ ಮಧ್ಯಭಾರತದ ಕಲಿಯಾನ್‌ಪುರಕ್ಕೂ ದೆಹಲಿಯ ಉತ್ತರಕ್ಕಿರುವ ಕಲಿಯಾನಾಕ್ಕೂ ನಡುವಣ ಅಕ್ಷಾಂಶದ ಅಂತರವನ್ನು ಎರಡು ಬಗೆಯಲ್ಲಿ ಕಂಡುಕೊಳ್ಳಲಾಯಿತು: ನೆಲದ ಮೇಲಿನ ತ್ರಿಭುಜಗಳ ಸರಣಿಯಿಂದ ಒಮ್ಮೆ, ನಕ್ಷತ್ರಗಳ ವೀಕ್ಷಣೆಯಿಂದ ಮತ್ತೊಮ್ಮೆ. ನಕ್ಷತ್ರಗಳ ಲೆಕ್ಕಕ್ಕೆ ತೂಕದ ಗುಂಡು ತೋರುವ ನೇರವೇ ಆಧಾರ. ಎರಡು ಲೆಕ್ಕಗಳ ನಡುವೆ 5.236 ಕೋನಸೆಕೆಂಡುಗಳ ವ್ಯತ್ಯಾಸ ಬಂದಿತು. ಒಂದು ಡಿಗ್ರಿಯ 3600ನೆಯ ಒಂದು ಪಾಲೇ ಕೋನಸೆಕೆಂಡು. ಆದ್ದರಿಂದ ನೆಲದ ಮೇಲೆ ಈ ವ್ಯತ್ಯಾಸ ಸುಮಾರು 160 ಮೀಟರ್. ಎವರೆಸ್ಟರು ಅದನ್ನು ಅಳತೆಯ ದೋಷವೆಂದು ಬಗೆದು ಸರಣಿಯುದ್ದಕ್ಕೂ ಹಂಚಿಬಿಟ್ಟರು.

ಕಲ್ಕತ್ತೆಯಲ್ಲಿ ಆರ್ಚ್‌ಡೀಕನ್ ಆಗಿದ್ದ ಗಣಿತಜ್ಞ ಜಾನ್ ಹೆನ್ರಿ ಪ್ರ್ಯಾಟ್ ಇದನ್ನು ಒಪ್ಪಲಿಲ್ಲ. ಉತ್ತರದ ಕಲಿಯಾನಾದಲ್ಲಿ ಪರ್ವತರಾಶಿಯ ಸೆಳೆತ ಹೆಚ್ಚು, ದೂರದ ಕಲಿಯಾನ್‌ಪುರದಲ್ಲಿ ಕಡಿಮೆ. ವ್ಯತ್ಯಾಸದ ಮೂಲ ಅದೇ ಎಂದು ಅವರು ಲೆಕ್ಕಕ್ಕೆ ಕುಳಿತರು. 1855ರಲ್ಲಿ ಪ್ರಕಟವಾದ ಅವರ ಫಲಿತಾಂಶ ಒಗಟನ್ನು ಬಿಡಿಸುವ ಬದಲು ಇನ್ನಷ್ಟು ಬಿಗಿಗೊಳಿಸಿತು. ಕಣ್ಣಿಗೆ ಕಾಣುವ ಹಿಮಾಲಯವೇ 15.885 ಸೆಕೆಂಡುಗಳ ವ್ಯತ್ಯಾಸ ಉಂಟುಮಾಡಬೇಕಿತ್ತು. ಪರ್ವತ ಸೆಳೆದಿತ್ತು, ನಿಜ. ಆದರೆ ಮೂರನೆಯ ಒಂದು ಪಾಲಿನಷ್ಟು ಮಾತ್ರ!

ಅದೇ ವರ್ಷ ಇಂಗ್ಲೆಂಡಿನ ಖಗೋಳಜ್ಞ ಏರಿ ಉತ್ತರವೊಂದನ್ನು ಸೂಚಿಸಿದರು. ನೀರಿನಲ್ಲಿ ತೇಲುವ ದಿಮ್ಮಿಗಳಲ್ಲಿ ಹೆಚ್ಚು ಮೇಲೆದ್ದು ಕಾಣುವುದು ಹೆಚ್ಚು ಆಳಕ್ಕೂ ಇಳಿದಿರುತ್ತದೆ. ಅಂತೆಯೇ ಪರ್ವತಗಳ ಹಗುರವಾದ ಶಿಲೆಯೂ ಅಡಿಯ ಸಾಂದ್ರತರ ಪದಾರ್ಥದೊಳಗೆ ಬೇರಿನಂತೆ ಇಳಿದಿದೆ. ಆಳದಲ್ಲಿ ಭಾರವಾದುದರ ಜಾಗವನ್ನು ಹಗುರವಾದುದು ಹಿಡಿದಿರುವುದರಿಂದಲೇ ಒಟ್ಟು ಸೆಳೆತ ತಗ್ಗಿದೆ. ಪ್ರ್ಯಾಟ್ 1859ರಲ್ಲಿ ಬೇರೊಂದು ವಿವರಣೆ ಕೊಟ್ಟರು. ಆದರೆ ಎತ್ತರದ ನೆಲದಡಿ ದ್ರವ್ಯದ ಕೊರತೆಯಿದೆ ಎಂಬುದರಲ್ಲಿ ಇಬ್ಬರಿಗೂ ಭೇದವಿರಲಿಲ್ಲ.

ಎರಡು ಮೊತ್ತಗಳು ತಾಳೆಯಾಗದಿದ್ದಾಗ ವ್ಯತ್ಯಾಸವನ್ನು ಅಲ್ಲಲ್ಲಿ ಹಂಚಿ ಕಡತ ಮುಚ್ಚುವ ಆಸೆ ಕಚೇರಿಯಲ್ಲಿ ದುಡಿಯುವ ನಮಗೆ ಹೊಸತಲ್ಲ. ಹಾಗೆ ಹಂಚಿಹೋಗಿದ್ದ ಐದು ಸೆಕೆಂಡುಗಳಲ್ಲಿ ಹಿಮಾಲಯದ ಬೇರು ಅಡಗಿತ್ತು.