ಮೊಬೈಲ್‌ನಲ್ಲಿ ಕೆಂಪು ಮೋಡ, ಅಂಗಳದಲ್ಲಿ ಹನಿ ಇಲ್ಲ: ಮಳೆ ರೇಡಾರ್ ನಕ್ಷೆ ಓದುವುದು ಹೇಗೆ?

ಬಸವಕಲ್ಯಾಣ/ಹುಮನಾಬಾದ್: ಹುಮನಾಬಾದ್‌ನಲ್ಲಿ ಜೋರು ಮಳಿ, ಬಸವಕಲ್ಯಾಣದಲ್ಲಿ ಬಿಸಿಲು. ಮೊಬೈಲ್ ನೋಡಿದರೆ ಎರಡೂ ಕಡೆ ಕೆಂಪು. ಉದ್ದು, ಹೆಸರು ರಾಶಿ ಮಾಡುವ ಹೊತ್ತಿಗೆ ತಾಡಪತ್ರಿ ಹೊದಿಸಬೇಕೋ ಬೇಡವೋ ಎಂಬ ಗೊಂದಲ ಇದ್ದದ್ದೇ. ರೇಡಾರ್ ಏನನ್ನು ನೋಡುತ್ತದೆ ಎಂದು ತಿಳಿದರೆ ಈ ಗೊಂದಲ ಅರ್ಧ ಕಡಿಮೆಯಾಗುತ್ತದೆ.

ರೇಡಾರ್ ಎಲ್ಲಿದೆ?
ನಮ್ಮ ಭಾಗವನ್ನು ನೋಡುವ ಹವಾಮಾನ ಇಲಾಖೆಯ ಡಾಪ್ಲರ್ ರೇಡಾರ್ ಹೈದರಾಬಾದ್‌ನಲ್ಲಿದೆ. ನೇರ ಅಂತರದಲ್ಲಿ ಅಲ್ಲಿಂದ ಹುಮನಾಬಾದ್ ಸುಮಾರು 150 ಕಿ.ಮೀ., ಬಸವಕಲ್ಯಾಣ ಸುಮಾರು 170 ಕಿ.ಮೀ. ಪಶ್ಚಿಮಕ್ಕೆ ಸುಮಾರು 110 ಕಿ.ಮೀ. ದೂರದ ಸೊಲ್ಲಾಪುರದಲ್ಲಿ ಪುಣೆಯ ಐಐಟಿಎಂ ವಿಜ್ಞಾನಿಗಳು 2018 ಮತ್ತು 2019ರ ಮಳೆಗಾಲದಲ್ಲಿ ರೇಡಾರ್, ವಿಮಾನ ಬಳಸಿ ಮೋಡಗಳ ಒಳರಚನೆ ಮತ್ತು ಮೋಡ ಬಿತ್ತನೆಯ ಅಧ್ಯಯನ ನಡೆಸಿದ್ದರು.

ಹನಿ ದೊಡ್ಡದಾದರೆ ಬಣ್ಣ ಗಾಢ
ರೇಡಾರ್ ಕಳಿಸಿದ ಅಲೆ ಹನಿಗೆ ತಾಗಿ ವಾಪಸ್ ಬರುತ್ತದೆ. ಹನಿಯ ಗಾತ್ರ ಎರಡು ಪಟ್ಟಾದರೆ ವಾಪಸ್ ಬರುವ ಶಕ್ತಿ 64 ಪಟ್ಟು! ಈ ಶಕ್ತಿಯ ಅಳತೆ ಡಿಬಿಜೆಡ್. 20ರ ಆಸುಪಾಸು ಹಗುರ ಮಳೆ, 40 ದಾಟಿದರೆ ಜೋರು, 55ರ ಮೇಲೆ ಹೋದರೆ ಆಲಿಕಲ್ಲಿನ ಸಾಧ್ಯತೆ.

ಎರಡು ಥರದ ಮಳೆ
ಗುಡುಗಿನ ಮೋಡ ಕಂಬದಂತೆ 12 ಕಿ.ಮೀ.ಗಿಂತಲೂ ಎತ್ತರ ಬೆಳೆಯಬಲ್ಲದು. ಅಗಲ ಕಡಿಮೆ, ಆಯುಷ್ಯವೂ ಕಡಿಮೆ. ಒಂದೂರಿಗೆ ಸುರಿದು ಪಕ್ಕದೂರು ಬಿಡುವುದು ಇದೇ. ಜಿಟಿಜಿಟಿ ಮಳೆಯ ಮೋಡ ಹಾಸಿಗೆಯಂತೆ ಹರಡಿರುತ್ತದೆ. ಅದರಲ್ಲಿ ಸುಮಾರು 5 ಕಿ.ಮೀ. ಎತ್ತರದಲ್ಲಿ ಹಿಮ ಕರಗಿ ನೀರಾಗುವ ಜಾಗ ರೇಡಾರ್‌ನಲ್ಲಿ ಹೊಳೆಯುವ ಪಟ್ಟಿಯಾಗಿ ಕಾಣುತ್ತದೆ.

ನಕ್ಷೆ ತಪ್ಪು ಅನ್ನಿಸುವುದ್ಯಾಕೆ?
ಭೂಮಿ ಗುಂಡಗಿದೆ, ರೇಡಾರ್ ಕಿರಣವೂ ತುಸು ಮೇಲ್ಮುಖ. ಅರ್ಧ ಡಿಗ್ರಿ ಕೋನದಲ್ಲಿ ಹೊರಟ ಕಿರಣ ಹುಮನಾಬಾದ್ ಮೇಲೆ ಸುಮಾರು 2.6 ಕಿ.ಮೀ., ಬಸವಕಲ್ಯಾಣದ ಮೇಲೆ ಸುಮಾರು 3.2 ಕಿ.ಮೀ. ಎತ್ತರದಲ್ಲಿರುತ್ತದೆ. ಅದರ ಕೆಳಗಿನ ಸಣ್ಣ ಮಳೆ ಕಾಣದೇ ಹೋಗಬಹುದು. ಮೇಲೆ ಕಂಡ ಹನಿ ಒಣ ಗಾಳಿಯಲ್ಲಿ ನೆಲ ಮುಟ್ಟುವ ಮುಂಚೆಯೇ ಆರಿಹೋಗಬಹುದು.

'ಮ್ಯಾಕ್ಸ್ ಜೆಡ್' ನಕ್ಷೆ ಯಾವುದೇ ಎತ್ತರದಲ್ಲಿನ ಗರಿಷ್ಠ ಬಣ್ಣ ತೋರಿಸುತ್ತದೆ. ಅಂದರೆ ಕೆಂಪು 7 ಕಿ.ಮೀ. ಮೇಲೆಯೂ ಇರಬಹುದು. ನಕ್ಷೆಯ ಅಂಚಿನ ಪಟ್ಟಿಗಳಲ್ಲಿ ಆ ಎತ್ತರ ಗೊತ್ತಾಗುತ್ತದೆ.

ಏನು ಮಾಡಬೇಕು?
- ಒಂದೇ ಚಿತ್ರ ನಂಬಬೇಡಿ. ಮೂರ್ನಾಲ್ಕು ಚಿತ್ರ ಸಾಲಾಗಿ ನೋಡಿ, ಮೋಡ ಯಾವ ಕಡೆ ಸರಿಯುತ್ತಿದೆ ಗಮನಿಸಿ.
- ಚಿತ್ರದ ಮೇಲಿನ ಸಮಯ ನೋಡಿ. ಅರ್ಧ ಗಂಟೆ ಹಳೆಯದಾದರೆ ಗುಡುಗಿನ ಮೋಡ ಆಗಲೇ ಕರಗಿರಬಹುದು.
- ಕೆಂಪು ಹೆಚ್ಚುತ್ತಾ ನಿಮ್ಮತ್ತ ಬರುತ್ತಿದ್ದರೆ ರಾಶಿ ಮುಚ್ಚಿ, ಅಂಗಡಿ ಮುಂದಿನ ಮಾಲು ಒಳಗಿಡಿ.
- ಗುಡುಗು ಕೇಳಿದರೆ ನಕ್ಷೆ ನೋಡುತ್ತಾ ಹೊಲದಲ್ಲಿ ನಿಲ್ಲಬೇಡಿ. ಗಿಡದ ಕೆಳಗೂ ಬೇಡ, ಪಕ್ಕಾ ಮನೆಯೊಳಗೆ ಹೋಗಿ. ಸಿಡಿಲಿನ ಎಚ್ಚರಿಕೆಗೆ 'ದಾಮಿನಿ' ಆ್ಯಪ್ ಇದೆ.

ನೆಲಕ್ಕೆ ಎಷ್ಟು ಬಿತ್ತು ಎಂಬ ಲೆಕ್ಕ ಮಾತ್ರ ಮಳೆಮಾಪಕದ್ದೇ.