ಖಾನಾಪುರದ ಹಂಚು, ಆಸ್ಪತ್ರೆಯ ಸ್ಲ್ಯಾಬು

ಬೆಳಗಾವಿ ಪಕ್ಕದ ಖಾನಾಪುರ ಎಂದರೆ ಹಂಚು, ಇಟ್ಟಿಗೆಗಳ ಊರು. ಆಸ್ಪತ್ರೆ ಕಟ್ಟುವವರು ಇದನ್ನು ಮರೆಯಬಾರದು.

ಬ್ರಿಟಿಷರ ಕಾಲದ ದೊಡ್ಡ ಕಟ್ಟಡಗಳ ಮಹಡಿಗೆ ಕಬ್ಬಿಣದ ತೊಲೆ, ನಡುವೆ ಇಟ್ಟಿಗೆಯ ಕಮಾನು. ಆಮೇಲೆ ಬಂತು ಆರ್‌ಸಿಸಿ. 1906ರಲ್ಲಿ ಅಮೆರಿಕದ ಇಂಜಿನಿಯರ್ ಟರ್ನರ್ ತೊಲೆಯೇ ಇಲ್ಲದ ಫ್ಲಾಟ್ ಸ್ಲ್ಯಾಬ್ ಕಟ್ಟಿದರು. ಸೆಂಟ್ರಿಂಗ್ ಸುಲಭ, ಆಕ್ಸಿಜನ್ ಪೈಪು, ಎಸಿ ಡಕ್ಟಿಗೆ ಅಡ್ಡಿಯಿಲ್ಲ. ಆದರೆ ಸ್ಲ್ಯಾಬು ದಪ್ಪ, ಕಂಬದ ಸುತ್ತ ಕಬ್ಬಿಣವೂ ಹೆಚ್ಚು.

ಲಾರಿ ಬೇಕರ್ ಕೇರಳದಲ್ಲಿ ಜನಪ್ರಿಯಗೊಳಿಸಿದ್ದು ಫಿಲ್ಲರ್ ಸ್ಲ್ಯಾಬ್. ಸ್ಲ್ಯಾಬಿನ ಕೆಳಭಾಗದಲ್ಲಿ ಎಳೆತ ತಡೆಯುವುದು ಕಬ್ಬಿಣ, ಕಾಂಕ್ರೀಟ್ ಅಲ್ಲ. ಹಾಗಾಗಿ ಸರಳುಗಳ ನಡುವೆ ಹಂಚು ಕೂರಿಸುತ್ತಾರೆ. ಸಿಮೆಂಟು ಉಳಿತಾಯ, ಕೋಣೆ ತಂಪು!

ಬೆಳಗಾವಿಯ ಬಹುಮಹಡಿ ಆಸ್ಪತ್ರೆಗೆ ಫ್ಲಾಟ್ ಸ್ಲ್ಯಾಬ್ ಸರಿ. ಖಾನಾಪುರದ ಹಳ್ಳಿಯ ಒಂದಂತಸ್ತಿನ ಆಸ್ಪತ್ರೆಗೆ ಊರಿನ ಹಂಚೇ ಸಾಕಲ್ಲವೇ? ಉಳಿದ ದುಡ್ಡಿಗೆ ಬಾಣಂತಿಯರಿಗೆ ಇನ್ನೆರಡು ಮಂಚ ಬಂದಾವು.